ಕೇಸ್ ಪೇಪರಿನಲ್ಲಿ ಬರೆಯದೆ ಬಿಟ್ಟ ಹೆಸರು

ಆಸ್ಪತ್ರೆಯ ರಿಜಿಸ್ಟರನ್ನೂ ನಾವು ಶಾಸನದ ಹಾಗೆ ಓದಬೇಕು. ಶಾಸನದಲ್ಲಿ ಭೂಮಿ ದಾನ ಕೊಟ್ಟ ದೊರೆಯ ಹೆಸರಿರುತ್ತದೆ, ಉತ್ತವನ ಹೆಸರಿರೋದಿಲ್ಲ. ರಿಜಿಸ್ಟರಿನಲ್ಲಿ ಗಾಯದ ಅಳತೆ ಇರುತ್ತದೆ, ಹೊಡೆದವನ ಹೆಸರಿರೋದಿಲ್ಲ.

ಅಮೆರಿಕದ ನ್ಯೂ ಹೇವನ್‌ನಲ್ಲಿ ಇವಾನ್ ಸ್ಟಾರ್ಕ್, ಆನ್ ಫ್ಲಿಟ್‌ಕ್ರಾಫ್ಟ್ ಮತ್ತು ಜೊತೆಗಾರರು ಯೇಲ್ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಬಂದಿದ್ದ ಹೆಂಗಸರ ಹಳೇ ಕಡತ ಬಿಚ್ಚಿ ಕೂತರು. 1979ರಲ್ಲಿ ಅವರು ಅಚ್ಚು ಹಾಕಿಸಿದ ಲೆಕ್ಕ ನೋಡಿ: ವೈದ್ಯರ ಕಣ್ಣಿಗೆ 35 ಜನರಲ್ಲಿ ಒಬ್ಬಳು ಮಾತ್ರ ಮನೆಯಲ್ಲಿ ಏಟು ತಿಂದವಳು. ಕಡತ ಹೇಳಿದ್ದು ನಾಲ್ವರಲ್ಲಿ ಒಬ್ಬಳು ಅಂತ. ಉಳಿದವರಿಗೆ ಸಿಕ್ಕಿದ್ದು ಮಂಪರಿನ ಮಾತ್ರೆ, ಮನೋರೋಗದ ಹಣೆಪಟ್ಟಿ. ಇಂಥವರನ್ನು ಗುರುತಿಸಲು ತುರ್ತು ವಿಭಾಗಗಳಲ್ಲಿ ಲಿಖಿತ ಕ್ರಮ ಬೇಕು ಅಂತ ಅಲ್ಲಿನ ಆಸ್ಪತ್ರೆಗಳಿಗೆ ಮಾನ್ಯತೆ ಕೊಡುವ ಸಂಸ್ಥೆ ಹೇಳಿದ್ದು 1992ರಲ್ಲಿ.

ನಮ್ಮಲ್ಲೋ, ಸುಟ್ಟ ಹೆಂಗಸು ಬಂದರೆ "ಸ್ಟವ್ ಸಿಡೀತು". ಅದೇನು ಸ್ಟವ್ವೋ! ಅತ್ತೆ ಕೈಲಿ ಸಿಡಿಯೋದಿಲ್ಲ, ಗಂಡನ ಕೈಲಿ ಸಿಡಿಯೋದಿಲ್ಲ, ಸೊಸೆ ಕೈಲೇ ಸಿಡೀತದೆ. ಬೆಂಗಳೂರಿನಲ್ಲಿ ವಿಮೋಚನಾದ ಹೆಂಗಸರು 1990ರ ದಶಕದಲ್ಲಿ 'ಆಕಸ್ಮಿಕ' ಅಂತ ಮುಚ್ಚಿಹಾಕಿದ ಇಂಥ ಸಾವುಗಳ ಬೆನ್ನು ಹತ್ತಿದರು.

ಸತ್ತ ಮೇಲಲ್ಲ, ಮೊದಲನೇ ಗಾಯಕ್ಕೇ ಕೇಳಬೇಕು ಅನ್ನುವ ಕೆಲಸ ಮುಂಬೈಯಲ್ಲಿ ಶುರುವಾಯ್ತು. 2000ದಲ್ಲಿ ಮಹಾನಗರ ಪಾಲಿಕೆ ಮತ್ತು ಸೆಹತ್ ಸಂಸ್ಥೆ ಸೇರಿ ಬಾಂದ್ರಾದ ಭಾಭಾ ಆಸ್ಪತ್ರೆಯೊಳಗೇ 'ದಿಲಾಸಾ' ಕೇಂದ್ರ ತೆರೆದವು. ನರ್ಸುಗಳು, ವೈದ್ಯರು ತರಬೇತಿ ಪಡೆದರು. ಗಂಡನನ್ನ ಆಚೆ ಕಳಿಸಬೇಕು, ಪರದೆ ಎಳೀಬೇಕು, ಆಮೇಲೆ ಮೆಲ್ಲಗೆ "ಏನಾಯ್ತವ್ವ?" "ಬಿದ್ದೆ" ಅಂತಾಳೆ. ಬಿದ್ದವರಿಗೆ ಸಾಮಾನ್ಯವಾಗಿ ಅಂಗೈ, ಮಂಡಿ ತರಚುತ್ತದೆ. ಇವಳಿಗೆ ಬಾಸುಂಡೆ ಎದ್ದಿರೋದು ಮುಂಗೈಯ ಹೊರಬದಿಗೆ. ಮುಖ ಉಳಿಸಿಕೊಳ್ಳೋಕೆ ಕೈ ಅಡ್ಡ ಹಿಡಿದವಳ ಗಾಯ ಅದು.

ನರ್ಸೇ ಯಾಕೆ? ರಕ್ತ, ಕೀವು, ಪರರ ಮೈ ಮುಟ್ಟುವ ಕೆಲಸ ಅಂತ ಮೇಲ್ಜಾತಿಯವರು ಈ ವೃತ್ತಿಯನ್ನು ಬಹುಕಾಲ ಮೈಲಿಗೆಯೆಂದು ದೂರ ಇಟ್ಟಿದ್ದರು. ಗಾಯದ ನಿಜ ಮೊದಲು ಗೊತ್ತಾಗೋದು ಮುಟ್ಟಿದ ಆ ಕೈಗೇ. ಆಕೆಯ ಮನೆಯಲ್ಲೂ ಇದೇ ಕಥೆ ಇದ್ದರೆ ಬಾಯಿ ಬಿಟ್ಟು ಕೇಳೋದು ಇನ್ನೂ ಕಷ್ಟ.

ಬಂದವರನ್ನೆಲ್ಲ ಕೇಳಬೇಕಿಲ್ಲ, ಗುರುತು ಕಂಡಲ್ಲಿ ಕೇಳಿ, ಕೇಳುವ ಮುಂಚೆ ಆಸರೆ ಸಿದ್ಧ ಇಡಿ ಅಂತ 2013ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೇಳಿತು. ಆಸರೆ! ನಮ್ಮ ಕೇರಿಯವಳು ಗಂಡನ ಹೆಸರು ಬಾಯಿಬಿಟ್ಟಳು ಅಂತಿಟ್ಟುಕೊಳ್ಳಿ, ಆ ರಾತ್ರಿ ಎಲ್ಲಿ ಮಲಗಬೇಕು? 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆ 2006ರ ಅಕ್ಟೋಬರ್ 26ರಂದು ಜಾರಿಗೆ ಬಂತು. ಕೇಳಿದವಳಿಗೆ ಚಿಕಿತ್ಸೆ ಕೊಡಲೇಬೇಕು ಅನ್ನುತ್ತದೆ ಅದರ 7ನೇ ಕಲಮು. ಕರ್ನಾಟಕದಲ್ಲಿ ಈ ಕಾಯ್ದೆಯ ರಕ್ಷಣಾಧಿಕಾರಿ ಕೆಲಸವನ್ನು ಅಂಗನವಾಡಿ ನೋಡಿಕೊಳ್ಳುವ ಸಿಡಿಪಿಒಗಳ ತಲೆಗೇ ಕಟ್ಟಿದರು. ನಡುರಾತ್ರಿ ತಾಲ್ಲೂಕು ಆಸ್ಪತ್ರೆಗೆ ಬಂದವಳು, ಬೆಳಿಗ್ಗೆ ಆ ಕಚೇರಿ ಬೀಗ ತೆಗೆಯೋವರೆಗೂ ಕೂಸನ್ನ ಮಡಿಲಲ್ಲಿ ಹಾಕ್ಕೊಂಡು ಬೆಂಚಿನ ಮೇಲೆ ಕೂತಿರಬೇಕು.