ಬಾಳ್ ಮತ್ತು ಬಾೞ್



ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳ ಸೀಮೆಯಲ್ಲಿ ವೀರಗಲ್ಲುಗಳು ಅಪರೂಪವಲ್ಲ. ಬಿ.ಎಲ್. ರೈಸ್ ಅವರು 1905ರಲ್ಲಿ ಹೊರತಂದ 'ಎಪಿಗ್ರಾಫಿಯಾ ಕರ್ನಾಟಿಕಾ'ದ ಹತ್ತನೆಯ ಸಂಪುಟವು ನಮ್ಮ ಜಿಲ್ಲೆಯ ಶಾಸನಗಳಿಗೇ ಮೀಸಲಾಗಿದೆ. ಇಂತಹ ಕಲ್ಲುಗಳನ್ನು ಓದಲು ನೆರವಾಗಲೆಂದು ನಾನೊಮ್ಮೆ ಹಳಗನ್ನಡ ಪದಗಳ ಪಟ್ಟಿಯೊಂದನ್ನು ಗಣಕಯಂತ್ರದಲ್ಲಿ ಬರೆದೆ. ಹಳೆಯ ವಿದ್ಯಾರ್ಥಿಯೊಬ್ಬ ಅದನ್ನು ಓದಿ, "ಸಾರ್, 'ಬಾಳ್' ಎಂಬ ಒಂದೇ ಪದವನ್ನು ಎರಡು ಸಲ ಬರೆದಿದ್ದೀರಿ. ಒಂದು ಕಡೆ ಕತ್ತಿ ಅಂತ ಅರ್ಥ, ಇನ್ನೊಂದು ಕಡೆ ಬದುಕು ಅಂತ" ಎಂದ. ನಾನು ನಾಚಿದೆ. ಕತ್ತಿಗೆ 'ಬಾಳ್', ಬದುಕಿಗೆ 'ಬಾೞ್'. ಕೀಲಿಮಣೆಯಲ್ಲಿ ೞ ಸಿಗದೆ ಳ ಒತ್ತಿ ಮುಂದೆ ಸಾಗಿದ್ದೆ. ಕನ್ನಡ ಕಲಿಸಿದವನೇ ಬದುಕನ್ನು ಕತ್ತಿಯಾಗಿಸಿದ್ದೆ!

'ಅರಿ' ಎಂದರೆ ಕತ್ತರಿಸು, 'ಅಱಿ' ಎಂದರೆ ತಿಳಿ. ಇಂದು ಎರಡೂ 'ಅರಿ'ಯೇ. ಕೇಶಿರಾಜನ ಕಾಲಕ್ಕಾಗಲೇ, ಅಂದರೆ 13ನೆಯ ಶತಮಾನದಲ್ಲಿ, ೞ ಬರುವ ಪದಗಳನ್ನು ಬೇರೆಯಾಗಿ ಗುರುತಿಸಿ ತೋರಿಸಬೇಕಾಗಿತ್ತು. ಕೋಲಾರಮ್ಮನ ಗುಡಿಯ ಚೋಳರ ಕಾಲದ ತಮಿಳು ಶಾಸನಗಳ ಭಾಷೆಯಲ್ಲಾದರೋ ಈ ಅಕ್ಷರ ಇಂದಿಗೂ ಜೀವಂತ. ಆ ಭಾಷೆಯ ಹೆಸರೇ ಅವರ ಬಾಯಲ್ಲಿ 'ತಮಿೞ್'.

ಹಿಂದೆ ಗಣಕಯಂತ್ರದ ಕನ್ನಡ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ನಮ್ಮ ಅಕ್ಷರರೂಪಗಳನ್ನು ಕೂರಿಸುತ್ತಿದ್ದವು. ಓದುವವರಲ್ಲಿ ಅದೇ ಫಾಂಟ್ ಇಲ್ಲದಿದ್ದರೆ ಕಾಣುತ್ತಿದ್ದುದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. 1991ರಲ್ಲಿ ಬಂದ ಯೂನಿಕೋಡ್ ಪ್ರತಿ ಅಕ್ಷರಕ್ಕೂ ಅದರದೇ ಸಂಖ್ಯೆ ಕೊಟ್ಟಿತು. ಕನ್ನಡಕ್ಕೆ ಮೀಸಲಾದದ್ದು 3200ರಿಂದ 3327ರವರೆಗಿನ 128 ಸ್ಥಾನಗಳು. ಳ 3251, ಱ 3249, ೞ 3294. ಕೀಲಿಮಣೆಯಲ್ಲಿ ಅಕ್ಷರವಿಲ್ಲದಿದ್ದರೂ ಜಾಲಪುಟದ ಮೂಲ ಬರಹದಲ್ಲಿ &#3294; ಎಂದು ಬರೆದರೆ ಪರದೆಯ ಮೇಲೆ ೞ ಮೂಡುತ್ತದೆ. ಫಾಂಟಿನಲ್ಲಿ ಅದರ ರೂಪವಿಲ್ಲದಿದ್ದರೆ ಬರಿಯ ಚೌಕ ಕಾಣಬಹುದು; ಆದರೆ ಒಳಗಿನ ಸಂಖ್ಯೆ ಅಳಿಯದು.

ಇನ್ನೊಂದು ಸ್ವಾರಸ್ಯವಿದೆ. ಯೂನಿಕೋಡ್ ಪಟ್ಟಿಯಲ್ಲಿ ೞ ಅಕ್ಷರಕ್ಕೆ 'ಫ' ಎಂಬರ್ಥದ ತಪ್ಪು ಹೆಸರು ಬಿದ್ದಿದೆ. ಒಮ್ಮೆ ಇಟ್ಟ ಹೆಸರನ್ನು ಬದಲಿಸುವಂತಿಲ್ಲವೆಂಬ ನಿಯಮವಿರುವುದರಿಂದ, ಸರಿಯಾದ ಹೆಸರನ್ನು ತಿದ್ದುಪಡಿಯಾಗಿ ಪಕ್ಕದಲ್ಲಿ ಸೇರಿಸಿದ್ದಾರೆ. ಹಾಜರಿ ಪುಸ್ತಕದಲ್ಲಿ ನಿಮ್ಮಲ್ಲಿ ಎಷ್ಟು ಜನರ ಹೆಸರು ತಪ್ಪಾಗಿತ್ತು, ನೆನಪಿದೆಯೇ? ಆದರೂ ಸಂಖ್ಯೆ ಕೂಗಿದರೆ ಸರಿಯಾದ ಹುಡುಗನೇ ಎದ್ದು ನಿಲ್ಲುತ್ತಿದ್ದ.

ಪಟ್ಟಿಯನ್ನು ಈಗ ತಿದ್ದಿದ್ದೇನೆ. ಊರಿಗೆ ಬಂದಾಗ ವೀರಗಲ್ಲನ್ನು ಕಂಡರೆ ಒಂದು ಕ್ಷಣ ನಿಲ್ಲಿ. ಅದರಲ್ಲಿ ಬಾಳ್ ಹಿಡಿದು ನಿಂತವನು ಊರಿಗಾಗಿ ತನ್ನ ಬಾೞನ್ನೇ ಕೊಟ್ಟವನು.