ಕದಲಿಸಿದ ಗುಡಿ, ಕದಲಿಸಲಾಗದ ಬೆಟ್ಟ

ಆಲಂಪುರದ ಸಂಗಮೇಶ್ವರ ದೇವಾಲಯವನ್ನು ಕಂಡು ಕೈಮುಗಿಯದ ಕನ್ನಡ ಕುಟುಂಬಗಳು ಗದ್ವಾಲ, ಮಕ್ತಲ, ನಾರಾಯಣಪೇಟೆಗಳ ಈ ಸೀಮೆಯಲ್ಲಿ ವಿರಳ. ಆದರೆ ಆ ದೇವಾಲಯವು ಮೊದಲು ನಿಂತಿದ್ದ ಸ್ಥಳ ಅದಲ್ಲವೆಂಬುದನ್ನು ನಮ್ಮ ಮಕ್ಕಳಲ್ಲಿ ಎಷ್ಟು ಮಂದಿ ಬಲ್ಲರು? ಬಾದಾಮಿಯ ಚಾಲುಕ್ಯರ ಕಾಲದ ಆ ಗುಡಿಯು ಕೃಷ್ಣೆಯೂ ತುಂಗಭದ್ರೆಯೂ ಕೂಡುವ ಕೂಡವೆಲ್ಲಿಯಲ್ಲಿತ್ತು. 1963ರಲ್ಲಿ ಶ್ರೀಶೈಲದ ಅಣೆಕಟ್ಟಿಗೆ ಶಂಕುಸ್ಥಾಪನೆಯಾದ ಮೇಲೆ ಸಂಗಮದ ನೆಲವು ಹಿನ್ನೀರಿನ ಪಾಲಾಗುವುದು ಖಚಿತವಾಯಿತು. ಆಗ ಗುಡಿಯ ಕಲ್ಲುಗಳನ್ನು ಬಿಚ್ಚಿ ತಂದು ಆಲಂಪುರದಲ್ಲಿ ಮತ್ತೆ ಜೋಡಿಸಿ ನಿಲ್ಲಿಸಿದರು. ಪಾಪನಾಶಿಯ ಗುಡಿಗಳೂ ಹೀಗೆಯೇ ಸ್ಥಳ ಬಿಟ್ಟು ಬಂದವು. ಅಭಿವೃದ್ಧಿಗೆ ದಾರಿ ಬಿಟ್ಟುಕೊಡುವುದೆಂದರೇನೆಂಬುದನ್ನು ನಾವು ಪುಸ್ತಕದಿಂದ ಕಲಿಯಬೇಕಾಗಿಲ್ಲ.

1956ರ ವರೆಗೆ ಗದ್ವಾಲ, ಆಲಂಪುರ ತಾಲ್ಲೂಕುಗಳು ರಾಯಚೂರು ಜಿಲ್ಲೆಯಲ್ಲಿದ್ದವು. ರಾಜ್ಯಗಳ ಪುನರ್ವಿಂಗಡಣೆಯಿಂದ ಗಡಿಯ ಗೆರೆ ಬದಲಾಯಿತೇ ಹೊರತು ತುಂಗಭದ್ರೆಯ ಹರಿವು ಬದಲಾಗಲಿಲ್ಲ. ಆ ಹೊಳೆಯ ಜಾಡು ಹಿಡಿದು ಮೇಲಕ್ಕೆ ಹೋದರೆ, ನಮ್ಮದೇ ಕಥೆಯ ಇನ್ನೊಂದು ಅಧ್ಯಾಯವು ಬಳ್ಳಾರಿ ಜಿಲ್ಲೆಯ ಸಂಡೂರಿನಲ್ಲಿ ದೊರೆಯುತ್ತದೆ. ಅಲ್ಲಿಯ ನಾರಿಹಳ್ಳದ ನೀರು ಕೊನೆಗೆ ಸೇರುವುದು ತುಂಗಭದ್ರೆಯನ್ನೇ.

ಸಂಡೂರಿನ ಬೆಟ್ಟದ ನಡುವೆ ಕುಮಾರಸ್ವಾಮಿಯ ಕ್ಷೇತ್ರವಿದೆ. ಅಲ್ಲಿಯ ಪಾರ್ವತಿಯ ಗುಡಿಯು ಬಾದಾಮಿಯ ಚಾಲುಕ್ಯರ ಕಾಲದ್ದೆಂದೂ, ಕುಮಾರಸ್ವಾಮಿಯ ಗುಡಿಯು ರಾಷ್ಟ್ರಕೂಟರ ಕಾಲದ್ದೆಂದೂ ವಿದ್ವಾಂಸರು ಹೇಳುತ್ತಾರೆ. ಆಲಂಪುರವನ್ನು ಕಟ್ಟಿಸಿದ ವಂಶವೇ ಈ ಬೆಟ್ಟಕ್ಕೂ ಬಂದಿತ್ತೆಂಬುದು ನಮಗೆ ಅಭಿಮಾನದ ಸಂಗತಿ. 1932ರಲ್ಲಿ ಸಂಡೂರಿನ ಅರಸರು ಈ ದೇವಾಲಯದ ಬಾಗಿಲನ್ನು ಹರಿಜನರಿಗೆ ತೆರೆಸಿದರು. 1934ರಲ್ಲಿ ಗಾಂಧೀಜಿಯವರು ಸಂಡೂರಿಗೆ ಬಂದಿದ್ದರು. ಹೀಗೆ ಅದು ಯಾತ್ರಿಕರ ತಾಣ ಮಾತ್ರವಲ್ಲ, ನಾಡಿನ ಇತಿಹಾಸದ ಒಂದು ಪುಟವೂ ಹೌದು.

ಆದರೆ ಅದೇ ಬೆಟ್ಟದ ಒಡಲಲ್ಲಿ ಕಬ್ಬಿಣದ ಅದಿರೂ ಮ್ಯಾಂಗನೀಸೂ ಇವೆ. ಇಪ್ಪತ್ತನೆಯ ಶತಮಾನದ ಆರಂಭದಿಂದಲೇ ಅಲ್ಲಿ ಅಗೆತ ನಡೆದುಬಂದಿತ್ತು. 2000ದ ನಂತರ ಚೀನಾ ದೇಶದ ಬೇಡಿಕೆಯಿಂದ ಅದಿರಿನ ಬೆಲೆ ಏರಿದಾಗ, ಅಗೆತವು ದುರಾಶೆಯ ರೂಪ ತಾಳಿತು. ಹಗಲಿರುಳೆನ್ನದೆ ಲಾರಿಗಳು ಓಡಿದವು. ಕೆಂಪು ಧೂಳು ಪೈರಿನ ಮೇಲೂ ಹಳ್ಳಕೊಳ್ಳಗಳ ಮೇಲೂ ಕವಿಯಿತು. ಆಂಧ್ರದ ಗಡಿಯ ತುಮಟಿಯ ಸಮೀಪದಲ್ಲಿದ್ದ ಸುಗ್ಗಲಮ್ಮ ದೇವಿಯ ಹಳೆಯ ಗುಡಿಯು 2006ರಲ್ಲಿ ಸಿಡಿಮದ್ದಿಗೆ ಬಲಿಯಾಯಿತು. ಕುಮಾರಸ್ವಾಮಿಯ ಗುಡಿಯ ಕಲ್ಲುಗಳಿಗೂ ಅದೇ ಗತಿ ಬಂದೀತೆಂಬ ಭಯ ಭಕ್ತರನ್ನೂ ಇತಿಹಾಸಜ್ಞರನ್ನೂ ಆವರಿಸಿತು.

2011ರ ಜುಲೈ 29ರಂದು ಸರ್ವೋಚ್ಚ ನ್ಯಾಯಾಲಯವು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ನಿಲ್ಲಿಸಿತು. 2013ರ ಏಪ್ರಿಲ್‌ನಲ್ಲಿ ಬಂದ ತೀರ್ಪಿನಲ್ಲಿ ಗಣಿಗಳನ್ನು ಮೂರು ವರ್ಗಗಳಾಗಿ ವಿಂಗಡಿಸಿ, ಅತಿಯಾಗಿ ಕಾನೂನು ಮೀರಿದವುಗಳ ಗುತ್ತಿಗೆಯನ್ನು ರದ್ದುಗೊಳಿಸಿತು. ಉಳಿದವು ಕೆಡಿಸಿದ ನೆಲವನ್ನು ಸರಿಪಡಿಸುವ ಯೋಜನೆಗೆ ಒಳಪಟ್ಟೇ ನಡೆಯಬೇಕೆಂದು ವಿಧಿಸಿತು. ಆದರೂ ಸಮಸ್ಯೆ ಮುಗಿಯಲಿಲ್ಲ. ಕುದುರೆಮುಖದಲ್ಲಿ ನ್ಯಾಯಾಲಯದ ಆಜ್ಞೆಯಂತೆ 2005ರ ಕೊನೆಗೆ ಗಣಿಯನ್ನು ಮುಚ್ಚಿದ ಸರ್ಕಾರಿ ಸಂಸ್ಥೆಯೇ ಸಂಡೂರಿನ ದೇವದಾರಿ ಬೆಟ್ಟದಲ್ಲಿ ಸುಮಾರು 400 ಹೆಕ್ಟೇರು ಅರಣ್ಯಭೂಮಿಯನ್ನು ಬೇಡಿತು; 2024ರಲ್ಲಿ ಆ ವಿಷಯ ರಾಜ್ಯಕ್ಕೂ ಕೇಂದ್ರಕ್ಕೂ ನಡುವೆ ವಿವಾದವಾಯಿತು.

ಇಂಥ ವ್ಯಾಜ್ಯ ಬೆಟ್ಟಗಳಿಗೆ ಮಾತ್ರ ಮೀಸಲಲ್ಲ. ನ್ಯೂಜಿಲೆಂಡಿನ ತರನಾಕಿ ತೀರದಲ್ಲಿ ಸಮುದ್ರದ ತಳದಿಂದ ಕಬ್ಬಿಣದ ಮರಳನ್ನು ತೆಗೆಯಲು ಒಂದು ಕಂಪನಿ 2017ರಲ್ಲಿ ಅನುಮತಿ ಪಡೆಯಿತು. ಅದಿರನ್ನು ಬೇರ್ಪಡಿಸಿ, ಉಳಿದ ಮರಳನ್ನು ಕಡಲಿಗೇ ಮರಳಿ ಸುರಿಯುವುದು ಅದರ ಕ್ರಮ. ಹಾಗೆ ಸುರಿದರೆ ನೀರು ಕದಡುತ್ತದೆ. ನೀರಿಗೆ ಮುಳುಗಿ ಬಂಡೆಸಾಲುಗಳ ಜೀವರಾಶಿಯನ್ನು ನೋಡಬಯಸುವವನಿಗೆ ತಿಳಿನೀರೇ ಸರ್ವಸ್ವ. ಸ್ಥಳೀಯರು ನ್ಯಾಯಾಲಯದ ಮೆಟ್ಟಿಲೇರಿದರು. 2021ರಲ್ಲಿ ಅಲ್ಲಿಯ ಸರ್ವೋಚ್ಚ ನ್ಯಾಯಾಲಯವೂ ಆ ಅನುಮತಿಯನ್ನು ಎತ್ತಿಹಿಡಿಯಲಿಲ್ಲ. ಕಂಪನಿಯು ಮಾತ್ರ ಪ್ರಯತ್ನವನ್ನು ಬಿಡದೆ ಮತ್ತೆ ಅರ್ಜಿ ಹಾಕಿತು.

ಗಣಿಯೇ ಬೇಡವೆಂದು ಹೇಳುವುದು ಸುಲಭ, ಆದರೆ ನ್ಯಾಯವಲ್ಲ. ರೈತನ ನೇಗಿಲ ಕುಳಕ್ಕೂ ರೈಲಿನ ಹಳಿಗೂ ಕಬ್ಬಿಣ ಬೇಕು. ಗಣಿಯ ಕೂಲಿಯಿಂದ ಒಲೆ ಉರಿಯುವ ಮನೆಗಳು ಸಂಡೂರಿನಲ್ಲಿ ಎಷ್ಟೋ ಇವೆ. ಪ್ರಶ್ನೆಯಿರುವುದು ಲೆಕ್ಕದಲ್ಲಿ. ತೆಗೆದ ಅದಿರಿನ ಒಂದೊಂದು ಟನ್ನಿಗೂ ಬೆಲೆ ಬರೆಯುವ ನಾವು, ಯಾತ್ರಿಕನ ಬುತ್ತಿಯನ್ನೂ ಹೂ ಕಾಯಿ ಮಾರುವವಳ ಗಳಿಕೆಯನ್ನೂ ಯಾವ ಪುಸ್ತಕದಲ್ಲಿ ಬರೆದಿದ್ದೇವೆ? ಅದಿರು ಒಮ್ಮೆ ಮಾರಿದರೆ ಮುಗಿಯಿತು. ನೋಡಬರುವವರಿಂದ ನಡೆಯುವ ಜೀವನವು, ನೋಡತಕ್ಕದ್ದು ಉಳಿದಿರುವಷ್ಟು ಕಾಲವೂ ನಡೆಯುತ್ತದೆ.

ಸಂಗಮೇಶ್ವರನ ಕಲ್ಲುಗಳನ್ನು ನಾವು ಹೊತ್ತು ತಂದೆವು, ಸಂಗಮವನ್ನು ತರಲಾಗಲಿಲ್ಲ. ಕುಮಾರಸ್ವಾಮಿಯ ಗುಡಿಯನ್ನೂ ಬೇಕಾದರೆ ಬಿಚ್ಚಿ ಬೇರೆಡೆ ಕಟ್ಟಿಯಾರು. ಆದರೆ ಬೆಟ್ಟಕ್ಕೆ ಎರಡನೆಯ ಸ್ಥಳವಿಲ್ಲ. ಈ ವರ್ಷ ಆಲಂಪುರಕ್ಕೆ ಮಕ್ಕಳನ್ನು ಕರೆದೊಯ್ಯುವ ತಾಯಿತಂದೆಗಳು ಸಂಗಮೇಶ್ವರನ ದರ್ಶನ ಮಾಡಿಸಿದ ಮೇಲೆ, ಹೊಳೆಯ ಕಡೆಗೂ ಕೈ ತೋರಿಸಿ, ಈ ಗುಡಿ ಮೊದಲು ಎಲ್ಲಿತ್ತೆಂಬುದನ್ನು ತಿಳಿಸಲಿ. ಕಳೆದುಕೊಂಡುದರ ನೆನಪು ಇದ್ದವರೇ ಉಳಿದುದನ್ನು ಕಾಯಬಲ್ಲರು.