ಹೃದಯದ ಬರಹವೂ ತಾಲ್ಲೂಕಿನ ದೂರವೂ

ಹೃದಯವು ಪ್ರತಿ ಬಡಿತದಲ್ಲಿಯೂ ಅತಿ ಕ್ಷೀಣವಾದ ವಿದ್ಯುತ್ತನ್ನು ಉಂಟುಮಾಡುತ್ತದೆ. ದೇಹವನ್ನು ಕೊಯ್ಯದೆ ಚರ್ಮದ ಮೇಲಿಂದಲೇ ಅದನ್ನು ಗುರುತಿಸುವ ವಿಧಾನಕ್ಕೆ ವಿದ್ಯುತ್ ಹೃಲ್ಲೇಖನವೆಂದು ಹೆಸರು. ಜನರ ಬಾಯಲ್ಲಿ ಇದು ಇ.ಸಿ.ಜಿ. ಇದರ ಚರಿತ್ರೆಯನ್ನು ಉಪಕರಣದ ಚರಿತ್ರೆಯಾಗಿ ಬರೆಯುವುದೇ ವಾಡಿಕೆ. ಆದರೆ ರೋಗಿಗೂ ಆ ಬರಹವನ್ನು ಓದಬಲ್ಲವನಿಗೂ ನಡುವಣ ದೂರವನ್ನು ಗೆಲ್ಲುವ ಯತ್ನದ ಚರಿತ್ರೆಯೂ ಅದೇ ಆಗಿದೆ.

1887ರಲ್ಲಿ ಲಂಡನ್ನಿನ ಅಗಸ್ಟಸ್ ವಾಲರನು ಮಾನವಹೃದಯದ ವಿದ್ಯುತ್ತನ್ನು ಮೊದಲ ಬಾರಿಗೆ ದೇಹದ ಹೊರಗಿನಿಂದ ದಾಖಲಿಸಿದನು. ಹಾಲೆಂಡಿನ ಲೈಡನ್ನಿನಲ್ಲಿ ವಿಲ್ಲೆಮ್ ಐಂತೋವನನು ಈ ಅಲೆಗಳಿಗೆ ಪಿ, ಕ್ಯೂ, ಆರ್, ಎಸ್, ಟಿ ಎಂಬ ಹೆಸರುಗಳನ್ನಿತ್ತು, 1901ರಲ್ಲಿ ತಂತುಗ್ಯಾಲ್ವನೋಮಾಪಕವನ್ನು ವರ್ಣಿಸಿದನು. ಪಿ ಅಲೆಯು ಹೃದಯದ ಮೇಲಿನ ಕೋಣೆಗಳ ಪ್ರಚೋದನೆಯನ್ನೂ, ಕ್ಯೂ-ಆರ್-ಎಸ್ ಕೆಳಗಿನ ಕೋಣೆಗಳದನ್ನೂ ತೋರಿಸುತ್ತವೆ. ಪಿ ಅಲೆಯ ಆರಂಭದಿಂದ ಕ್ಯೂ-ಆರ್-ಎಸ್ ಆರಂಭದವರೆಗಿನ ಅವಧಿಯಿಂದ ವಿದ್ಯುತ್ ಸಂಚಾರ ತಡವಾಗಿದೆಯೇ ಎಂಬುದು ತಿಳಿಯುತ್ತದೆ.

ಆ ಯಂತ್ರವು ಸುಮಾರು 270 ಕಿಲೋಗ್ರಾಂ ತೂಕದ್ದಾಗಿದ್ದು, ಅದನ್ನು ನಡೆಸಲು ಐವರು ಬೇಕಾಗಿತ್ತು. ರೋಗಿಯು ಕೈಕಾಲುಗಳನ್ನು ಉಪ್ಪುನೀರಿನ ಪಾತ್ರೆಗಳಲ್ಲಿ ಇಟ್ಟು ಕುಳಿತುಕೊಳ್ಳಬೇಕಾಗಿತ್ತು. ಯಂತ್ರವನ್ನು ಆಸ್ಪತ್ರೆಗೆ ಒಯ್ಯುವಂತಿರಲಿಲ್ಲ. ಆದ್ದರಿಂದ 1905ರಲ್ಲಿ ಐಂತೋವನನು ದೂರವಾಣಿಯ ತಂತಿಯ ಮೂಲಕ ಆಸ್ಪತ್ರೆಯ ರೋಗಿಗಳ ಹೃದಯವಿದ್ಯುತ್ತನ್ನು ಸುಮಾರು ಒಂದೂವರೆ ಕಿಲೋಮೀಟರ್ ದೂರದ ತನ್ನ ಪ್ರಯೋಗಶಾಲೆಗೆ ತರಿಸಿಕೊಂಡನು. ಅವನಿಗೆ ನೊಬೆಲ್ ಪಾರಿತೋಷಕ ದೊರೆತ 1924ರಲ್ಲಿಯೇ ಮೈಸೂರು ಸಂಸ್ಥಾನದ ವೈದ್ಯಕೀಯ ಕಾಲೇಜು ಬೆಂಗಳೂರಿನಲ್ಲಿ ಆರಂಭವಾಯಿತು. 1930ರಲ್ಲಿ ಅದು ಮೈಸೂರಿಗೆ ಬಂದಿತು.

ಹೀಗೆ ವೈದ್ಯವಿದ್ಯೆಯು ಮೈಸೂರು ನಗರದಲ್ಲಿ ನೆಲೆಯೂರಿತಾದರೂ ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆಗಳ ರೋಗಿಗೆ ದೂರದ ಪ್ರಶ್ನೆ ಉಳಿದೇ ಇತ್ತು. ಹುಣಸೂರಿನಿಂದ ಮೈಸೂರಿಗೆ ಸುಮಾರು 45 ಕಿಲೋಮೀಟರು. ಪಿರಿಯಾಪಟ್ಟಣ ಇನ್ನೂ ದೂರ. ರಕ್ತನಾಳ ಕಟ್ಟಿದ ಹೃದಯದಲ್ಲಾದರೋ ಸ್ನಾಯುವು ಗಳಿಗೆ ಗಳಿಗೆಗೂ ಸಾಯುತ್ತಿರುತ್ತದೆ.

ನಟ ಪುನೀತ್ ರಾಜ್‌ಕುಮಾರ್ ಅವರು 2021ರ ಅಕ್ಟೋಬರ್ 29ರಂದು ತೀರಿಕೊಂಡ ತರುವಾಯ, ಅವರ ಹೆಸರಿನಲ್ಲಿ ರಾಜ್ಯ ಸರ್ಕಾರವು ಕೈಗೊಂಡ ಹೃದಯಜ್ಯೋತಿ ಯೋಜನೆಯು ಐಂತೋವನನ ಮಾರ್ಗವನ್ನೇ ಹಿಡಿದಿದೆ. ಇಲ್ಲಿ ಜಯದೇವ ಹೃದ್ರೋಗ ಸಂಸ್ಥೆಯಂತಹ ಕೇಂದ್ರಗಳು ಚಕ್ರದ ನಾಭಿ, ತಾಲ್ಲೂಕು ಆಸ್ಪತ್ರೆಗಳು ಅರಗಳು. ತಾಲ್ಲೂಕಿನಲ್ಲಿ ತೆಗೆದ ಬರಹವನ್ನು ದೂರದ ತಜ್ಞರು ಓದುತ್ತಾರೆ. ಅವಶ್ಯವಿದ್ದಲ್ಲಿ ರಕ್ತದ ಹೆಪ್ಪನ್ನು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಅಲ್ಲಿಯೇ ಉಚಿತವಾಗಿ ಕೊಟ್ಟು, ಅನಂತರ ರೋಗಿಯನ್ನು ಕೇಂದ್ರಕ್ಕೆ ಕಳುಹಿಸಲಾಗುತ್ತದೆ.

ಆದರೂ ಎರಡು ಮಾತುಗಳನ್ನು ಮರೆಯಲಾಗದು. ಮೊದಲ ಬರಹವು ಸರಿಯಾಗಿ ಕಂಡಮಾತ್ರಕ್ಕೆ ಹೃದಯಾಘಾತವಿಲ್ಲವೆಂದು ಹೇಳಲಾಗದು. ನೋವು ಮುಂದುವರಿದರೆ ಮತ್ತೆ ಬರೆಯಿಸಲೇಬೇಕು. ಎರಡನೆಯದಾಗಿ, ತಂತಿಯು ತಾಲ್ಲೂಕು ಆಸ್ಪತ್ರೆಯಿಂದ ಮುಂದಿನ ದೂರವನ್ನು ಅಳಿಸಬಲ್ಲುದು. ನಾಗರಹೊಳೆಯ ಅಂಚಿನ ಹಾಡಿಯಿಂದ ಆ ಆಸ್ಪತ್ರೆಯವರೆಗಿನ ದೂರವನ್ನಲ್ಲ. ಅದಕ್ಕೆ ರಸ್ತೆ ಬೇಕು, ವಾಹನ ಬೇಕು, ಎದೆನೋವನ್ನು ವಾಯುವೆಂದು ತಳ್ಳಿಹಾಕದ ತಿಳಿವಳಿಕೆ ಬೇಕು. ಲೈಡನ್ನಿನಲ್ಲಿ ತೊಡಗಿದ ಈ ಚರಿತ್ರೆಯ ಉಳಿದ ಅಧ್ಯಾಯವು ಬರೆಯಲ್ಪಡಬೇಕಾದುದು ಆ ದಾರಿಯಲ್ಲಿಯೇ.